ರಾಮದುರ್ಗ: ಮನೆಯೊಳಗೇ ಗಿರಣಿ ಇಟ್ಟುಕೊಂಡ ಊರು

ರಾಮದುರ್ಗದ ನೇಕಾರರ ಓಣಿಯಲ್ಲಿ ಯಾವುದಾದರೂ ಹಳೆಯ ಮನೆಗೆ ಹೋದರೆ ಮೊದಲು ನೆಲ ನೋಡಿ. ಪಡಸಾಲೆಯ ಒಂದು ಕಡೆ, ಹೊರಸಿನಷ್ಟು ಜಾಗದಲ್ಲಿ, ಕಲ್ಲು ಅಥವಾ ಟೈಲ್ಸ್ ಬೇರೆ ಬಣ್ಣದ್ದಿದ್ದರೆ ಅಲ್ಲಿ ಹಿಂದೆ ಒಂದು ಕುಣಿ ಇದ್ದಿರಬಹುದು. ಕುಣಿ ಅಂದರೆ ಮಗ್ಗದ ತಗ್ಗು. ನೇಕಾರ ನೆಲದ ಅಂಚಿಗೆ ಕೂತು, ಕಾಲು ತಗ್ಗಿಗೆ ಇಳಿಬಿಟ್ಟು, ಕೆಳಗಿನ ಹಲಗೆ ಮೆಟ್ಟುತ್ತ, ಮೇಲೆ ಲಾಳಿ ಓಡಿಸುತ್ತ ಸೀರೆ ನೇಯುತ್ತಿದ್ದ ಜಾಗ ಅದು.

ರಾಮದುರ್ಗ ಅಂದರೆ ನಮಗೆ ಕೋಟೆ, ಅರಮನೆ, ಭಾವೆ ಅರಸರು ನೆನಪಾಗುತ್ತಾರೆ. ಓದಿದವರು 1939ರ ದುರಂತ ನೆನೆಯುತ್ತಾರೆ. ಈಗಿನ ಹುಡುಗರಿಗೆ 2019ರ ಪ್ರವಾಹ ಗೊತ್ತು. ಆದರೆ ಈ ಎಲ್ಲದರ ನಡುವೆ ಊರಿನ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟ ಆ ಕುಣಿಯ ಚರಿತ್ರೆ ಎಲ್ಲೂ ಕಲ್ಲಿನಲ್ಲಿ ಕೆತ್ತಿಲ್ಲ. ಇವತ್ತು ಅದನ್ನೇ ಸ್ವಲ್ಪ ನೋಡೋಣ.

ಹೊಳೆ ಮತ್ತು ನೂಲು

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಅಲ್ಲಿ ಮಳೆಯ ಮಲೆನಾಡು. ಎಂ.ಕೆ. ಹುಬ್ಬಳ್ಳಿ ದಾಟಿ, ಸವದತ್ತಿ ಬಳಿಯ ನವಿಲುತೀರ್ಥದ ಗುಡ್ಡಗಳ ಸಂದಿಯಿಂದ ಹೊರಬಿದ್ದು, ಮುನವಳ್ಳಿ ಹಾದು ರಾಮದುರ್ಗಕ್ಕೆ ಬರುವಷ್ಟರಲ್ಲಿ ಅದು ಎರಿ ಹೊಲಗಳ ಬಯಲು ನಾಡಿನ ಹೊಳೆ. ಮುಂದೆ ಪಟ್ಟದಕಲ್ಲಿನ ಗುಡಿಗಳ ಪಕ್ಕ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಒಟ್ಟು ಸುಮಾರು 300 ಕಿಲೋಮೀಟರ್ ದಾರಿ.

ರಾಮದುರ್ಗದ ಸುತ್ತ ಜೋಳ, ಗೋಧಿ, ಕಡಲೆ, ಹತ್ತಿ ಬೆಳೆಯುವ ಕರಿ ನೆಲ. ಬೇಸಿಗೆಯಲ್ಲಿ ಇಲ್ಲಿಯ ಗಾಳಿ ಒಣ. ಹತ್ತಿ ನೂಲಿಗೆ ಒಣ ಗಾಳಿ ಶತ್ರು. ತೇವ ಇಲ್ಲದಿದ್ದರೆ ಎಳೆ ಬಿರುಸಾಗಿ ಪಟಪಟನೆ ಹರಿಯುತ್ತದೆ. ಹರಿದ ಪ್ರತಿ ಎಳೆಯನ್ನೂ ಹುಡುಕಿ ಗಂಟು ಹಾಕಬೇಕು, ಅಷ್ಟು ಹೊತ್ತು ಮಗ್ಗ ನಿಲ್ಲಬೇಕು. ಅದಕ್ಕೇ ಮಗ್ಗವನ್ನು ನೆಲಕ್ಕೆ ಹತ್ತಿಸಿ, ಕೆಳಗೆ ಕುಣಿ ತೋಡಿ ಹೂಡುತ್ತಿದ್ದರು. ಮಣ್ಣಿನ ತಂಪು ಹಾಸಿಗೆ ತಾಗಿ ಎಳೆ ಮೆತ್ತಗಿರುತ್ತಿತ್ತು. ಕುಣಿ ಇದ್ದರೆ ಮಗ್ಗಕ್ಕೆ ಎತ್ತರದ ಕಟ್ಟಿಗೆಯ ಚೌಕಟ್ಟೂ ಬೇಕಾಗುವುದಿಲ್ಲ, ಹೀಗಾಗಿ ಖರ್ಚೂ ಕಡಿಮೆ.

ಹೊಳೆಯ ನೀರೂ ಬೇಕಿತ್ತು. ನೂಲಿಗೆ ಬಣ್ಣ ಹಾಕಲು, ತೊಳೆಯಲು, ಗಂಜಿ ಕುಡಿಸಲು ನೀರಿಲ್ಲದೆ ನೇಕಾರಿಕೆ ಇಲ್ಲ. ಇಷ್ಟು ಸಾಕು, ಒಂದು ಮಾತು ಹಿಡಿದಿಟ್ಟುಕೊಳ್ಳಿ: ನೇಕಾರ ನೀರಿನ ಹತ್ತಿರ ಇರಲೇಬೇಕಿತ್ತು, ಅವನ ಮಗ್ಗ ನೆಲಕ್ಕಿಂತ ಕೆಳಗೆ ಇರಲೇಬೇಕಿತ್ತು. ಈ ಊರಿನ ಬಾಳೂ ಗೋಳೂ ಎರಡೂ ಇಲ್ಲಿಂದಲೇ ಶುರು.

ನಮ್ಮದೇ ಜಿಲ್ಲೆಯ ಗೋಕಾಕ ಫಾಲ್ಸ್ ಜೊತೆ ಹೋಲಿಸಿದರೆ ವಿಷಯ ಇನ್ನೂ ತಿಳಿಯುತ್ತದೆ. ಅಲ್ಲಿ 1880ರ ದಶಕದಲ್ಲಿ ಘಟಪ್ರಭೆಯ ಧಬಧಬೆಯ ಬಲದಿಂದ ನಡೆಯುವ ದೊಡ್ಡ ನೂಲಿನ ಗಿರಣಿ ಬಂತು. ಕಂಪನಿ ಬಂತು, ಸೈರನ್ ಬಂತು, ಪಾಳಿ ಬಂತು, ಕಾರ್ಮಿಕರ ಚಾಳು ಬಂತು. ರಾಮದುರ್ಗಕ್ಕೆ ಅಂಥ ಗಿರಣಿ ಬರಲಿಲ್ಲ. ಇಲ್ಲಿ ಗಿರಣಿ ಮನೆ ಮನೆಯಲ್ಲೇ ಇತ್ತು. ಗಂಡ ಮಗ್ಗಕ್ಕೆ ಕೂತರೆ ಹೆಂಡತಿ ರಾಟಿ ತಿರುಗಿಸಿ ಕಂಡಿಕೆ ಸುತ್ತುತ್ತಿದ್ದಳು. ಕಣ್ಣು ಚೆನ್ನಾಗಿದ್ದ ಮಕ್ಕಳು ಎಳೆ ಹಚ್ಚುತ್ತಿದ್ದರು. ಮುದುಕರು ಲಡಿ ಬಿಡಿಸುತ್ತಿದ್ದರು. ಮಜೂರಿ ಮಾತ್ರ ಇಷ್ಟು ಸೀರೆಗೆ ಇಷ್ಟು ಎಂದು ಒಬ್ಬನ ಹೆಸರಿಗೆ ಬರುತ್ತಿತ್ತು. ಕಂಡಿಕೆ ಸುತ್ತಿದ ಕೈಗಳ ಲೆಕ್ಕ ಯಾವ ಖಾತೆ ಪುಸ್ತಕದಲ್ಲೂ ಇಲ್ಲ. ಇವತ್ತಿಗೂ ಬಹಳ ಕಡೆ ಇಲ್ಲ.

ಇಬ್ಬರು ಅಣ್ಣತಮ್ಮಂದಿರು, ಎರಡು ದಾರಿ

ಇಷ್ಟು ಸಣ್ಣ ಊರಿಗೆ ಅರಮನೆ, ಸ್ವಂತ ಕೋರ್ಟು, ಸ್ವಂತ ಜೈಲು ಎಲ್ಲಿಂದ ಬಂದವು? ಅದನ್ನು ತಿಳಿಯಲು ನರಗುಂದಕ್ಕೆ ಹೋಗಿ ಬರಬೇಕು.

ನರಗುಂದ ಮತ್ತು ರಾಮದುರ್ಗ ಎರಡೂ ಕೋಟೆಗಳು ಮರಾಠರ ಕಾಲದಲ್ಲಿ ಭಾವೆ ಮನೆತನದ ಕೈಗೆ ಬಂದವು. 1785ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ನರಗುಂದಕ್ಕೆ ಮುತ್ತಿಗೆ ಹಾಕಿ ಗೆದ್ದಿತು. ಅರಸ ವೆಂಕಟರಾವ್ ಮೈಸೂರಿನಲ್ಲಿ ಸೆರೆಯಾದ. ಮುಂದೆ ಅವನಿಗೆ ಬಿಡುಗಡೆ ಸಿಕ್ಕಿತು. ಆಗ ನರಗುಂದ ಅವನಿಗೆ, ರಾಮದುರ್ಗ ಅದೇ ಮನೆತನದ ರಾಮರಾವ್‌ಗೆ ಎಂದು ಪಾಲಾಯಿತು. ಹೀಗೆ ಒಂದೇ ಮನೆಯಿಂದ ಎರಡು ಗಾದಿ.

1858ರಲ್ಲಿ ಈ ಎರಡು ಗಾದಿಗಳು ಎರಡು ದಾರಿ ಹಿಡಿದವು. ನರಗುಂದದ ಬಾಬಾಸಾಹೇಬ ಭಾವೆಗೆ ಗಂಡು ಮಕ್ಕಳಿರಲಿಲ್ಲ. ದತ್ತು ತೆಗೆದುಕೊಳ್ಳಲು ಇಂಗ್ಲಿಷರು ಒಪ್ಪಲಿಲ್ಲ. ಕಿತ್ತೂರಿನಲ್ಲಿ 1824ರಲ್ಲಿ ರಾಣಿ ಚೆನ್ನಮ್ಮ ಖಡ್ಗ ಹಿರಿದದ್ದೂ ಇದೇ ದತ್ತಕದ ಜಗಳಕ್ಕೆ ಎಂಬುದನ್ನು ನೆನಪಿಡಿ. ಮೇಲಿಂದ ಆಯುಧ ಒಪ್ಪಿಸಬೇಕೆಂಬ ಹುಕುಂ ಬೇರೆ ಬಂದಿತ್ತು. ಬಾಬಾಸಾಹೇಬ ಬಂಡೆದ್ದ.

ಆಗ ರಾಮದುರ್ಗದಲ್ಲಿ ಆಳುತ್ತಿದ್ದವನು ಅವನ ಮಲಸಹೋದರ. ಇಂಗ್ಲಿಷರ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್ ಸಣ್ಣ ಪಹರೆಯೊಂದಿಗೆ ರಾಮದುರ್ಗಕ್ಕೆ ಬಂದ. ಇಷ್ಟು ಕಡಿಮೆ ಜನರೊಂದಿಗೆ ನರಗುಂದಕ್ಕೆ ಹೋಗಬೇಡ ಎಂದು ರಾಮದುರ್ಗದ ಅರಸ ಅವನಿಗೆ ಎಚ್ಚರಿಕೆ ಹೇಳಿದ. ಮ್ಯಾನ್ಸನ್ ಕೇಳಲಿಲ್ಲ. ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದಾಗ ಬಾಬಾಸಾಹೇಬನ ಕಡೆಯವರು ಅವನನ್ನು ಕೊಂದರು. ತಲೆಯನ್ನು ನರಗುಂದದ ಅಗಸಿಗೆ ತೂಗುಹಾಕಿದರು. ಕೆಲವೇ ದಿನಗಳಲ್ಲಿ ನರಗುಂದ ಬಿತ್ತು. ಯಾತ್ರಿಕರ ವೇಷದಲ್ಲಿದ್ದ ಬಾಬಾಸಾಹೇಬ ತೊರಗಲ್ಲ ಅಡವಿಯಲ್ಲಿ ಸಿಕ್ಕಿಬಿದ್ದ. ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು.

ನರಗುಂದ ಸಂಸ್ಥಾನ ಅಳಿಯಿತು, ಹೆಸರು ಉಳಿಯಿತು. ರಾಮದುರ್ಗ ಇಂಗ್ಲಿಷರ ಕಡೆ ನಿಂತಿತು, ಸಂಸ್ಥಾನ ಉಳಿಯಿತು. ಇನ್ನೂ 90 ವರ್ಷ ಬಾಳಿತು. ಸುಮಾರು 169 ಚದರ ಮೈಲಿ ನೆಲ, 1901ರ ಲೆಕ್ಕದಂತೆ 37,848 ಜನ. ಈಗಿನ ಎಷ್ಟೋ ತಾಲೂಕುಗಳಿಗಿಂತ ಸಣ್ಣ ರಾಜ್ಯ. ಆ ಕಾಲದ ಸರಕಾರಿ ಬರಹಗಳಲ್ಲಿ ಇಲ್ಲಿಯ ಉದ್ಯೋಗ ಎಂದು ಬರುವುದು ಒರಟು ಹತ್ತಿ ಬಟ್ಟೆಯ ನೇಯ್ಗೆ. ಅರಮನೆಯವರು ಉಡುವ ಜರಿಯಲ್ಲ, ಹೊಲಕ್ಕೆ ಹೋಗುವವರು ಉಡುವ ಬಟ್ಟೆ.

1939ರ ಏಪ್ರಿಲ್ 7

ಸಂಸ್ಥಾನ ಸಣ್ಣದಾದರೂ ಅರಸನ ಖರ್ಚು, ಕಚೇರಿಯ ಖರ್ಚು, ಪೊಲೀಸರ ಖರ್ಚು ಎಲ್ಲ ಇದ್ದೇ ಇತ್ತು. ಅದೆಲ್ಲ ಬರಬೇಕಾದದ್ದು ರೈತರ ಕಂದಾಯದಿಂದ, ಪೇಟೆಯ ಸುಂಕದಿಂದ. ಮಳೆ ಕೈಕೊಟ್ಟ ವರ್ಷಗಳಲ್ಲಿ ಅದು ಹೊರಲಾರದ ಹೊರೆ.

1938ರಲ್ಲಿ ಹರಿಪುರದ ಕಾಂಗ್ರೆಸ್ ಅಧಿವೇಶನ ಸಂಸ್ಥಾನಗಳ ಜನ ತಮ್ಮ ಸಂಘಟನೆಯನ್ನು ತಾವೇ ಕಟ್ಟಿಕೊಂಡು ಹೋರಾಡಬೇಕು ಎಂದಿತು. ಅದೇ ವರ್ಷ ಮೈಸೂರು ಸಂಸ್ಥಾನದ ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಸಂಸ್ಥಾನಗಳಲ್ಲೆಲ್ಲ ಆಗ ಅದೇ ಬಿಸಿ. ರಾಮದುರ್ಗದಲ್ಲೂ ಪ್ರಜಾ ಸಂಘ ತೆರಿಗೆ ಇಳಿಸಿ ಎಂದು ಕೇಳಿತು. ಮಾತುಕತೆ ಮುರಿದವು, ಮುಖಂಡರ ಬಂಧನವಾಯಿತು.

1939ರ ಏಪ್ರಿಲ್ 7ರಂದು ಜನ ಜೈಲಿನ ಮೇಲೆ ಮುಗಿಬಿದ್ದರು. ಗುಂಡು ಹಾರಿತು. ಜನರೂ ಸತ್ತರು, ಪೊಲೀಸರೂ ಸತ್ತರು. ಆಮೇಲೆ ವಿಚಾರಣೆ ನಡೆದು ಹಲವರಿಗೆ ಸೆರೆವಾಸ, ಕೆಲವರಿಗೆ ಗಲ್ಲು ಆಯಿತು. ಗಾಂಧೀಜಿ ತಮ್ಮ ಪತ್ರಿಕೆಯಲ್ಲಿ ರಾಮದುರ್ಗದ ಹೆಸರು ಹಿಡಿದು ಇಲ್ಲಿ ನಡೆದ ಹಿಂಸೆಗೆ ನೊಂದುಕೊಂಡು ಬರೆದರು.

ಈ ಘಟನೆಯನ್ನು ನಮ್ಮ ಕಡೆ ಎರಡು ಬಗೆಯಲ್ಲಿ ಹೇಳುತ್ತಾರೆ. ಒಬ್ಬರು ಹುತಾತ್ಮರ ಕಥೆ ಅನ್ನುತ್ತಾರೆ, ಇನ್ನೊಬ್ಬರು ಮೆಲ್ಲಗೆ ದುರಂತ ಅನ್ನುತ್ತಾರೆ. ಎರಡೂ ಸುಳ್ಳಲ್ಲ. ಸತ್ತ ಪೊಲೀಸರೂ ಸಂಬಳಕ್ಕೆ ದುಡಿಯುತ್ತಿದ್ದವರೇ, ಮೇಲೆ ಬಿದ್ದವರೂ ತೆರಿಗೆಗೆ ಸೋತವರೇ. ದೂರದ ಇಂಗ್ಲಿಷರ ವಿರುದ್ಧ ನಡೆದ ಹೋರಾಟದ ನೆನಪು ಸುಲಭ. ಮುಖ ಪರಿಚಯ ಇರುವವರು ಒಬ್ಬರನ್ನೊಬ್ಬರು ಕೊಂದ ನೆನಪು ಕಷ್ಟ. ನರಗುಂದದ ಕಥೆ ಎಲ್ಲರ ಬಾಯಲ್ಲಿ ಇದ್ದು, ರಾಮದುರ್ಗದ್ದು ತಗ್ಗಿದ ದನಿಯಲ್ಲಿ ಉಳಿದದ್ದಕ್ಕೆ ಇದೂ ಒಂದು ಕಾರಣ ಇರಬೇಕು.

1948ರ ಮಾರ್ಚ್‌ನಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯ ಜೊತೆ ಕನ್ನಡ ನಾಡಿಗೆ ಬಂತು. ಅರಸೊತ್ತಿಗೆ ಹೋಯಿತು. ಮಗ್ಗ ಮರುದಿನ ಬೆಳಿಗ್ಗೆಯೂ ಎಂದಿನಂತೆ ನಡೆಯಿತು.

ಟಕಾ ಟಕ್ ಸದ್ದು ಬದಲಾದದ್ದು

ಕರೆಂಟು ಬಂದ ಮೇಲೆ ಓಣಿಯ ಸದ್ದು ಬದಲಾಯಿತು. ಕೈಮಗ್ಗದ ಸದ್ದಿಗೆ ಮನುಷ್ಯನ ಉಸಿರಿನ ಲಯ ಇರುತ್ತದೆ. ನೇಕಾರ ಬೀಡಿ ಹಚ್ಚಿದರೆ ಅದು ನಿಲ್ಲುತ್ತದೆ. ವಿದ್ಯುತ್ ಮಗ್ಗ ನಿಲ್ಲುವುದು ಎಳೆ ಹರಿದಾಗ, ಇಲ್ಲವೇ ಕರೆಂಟು ಹೋದಾಗ. ಕೈಮಗ್ಗದಲ್ಲಿ ಇಡೀ ದಿನ ಬೇಕಾಗುವ ಬಟ್ಟೆ ಅಲ್ಲಿ ಕೆಲವೇ ತಾಸಿನಲ್ಲಿ ಮುಗಿಯುತ್ತದೆ.

ಸರಕಾರ ಕೈಮಗ್ಗ ಉಳಿಸಲು ಏನೂ ಮಾಡಲಿಲ್ಲ ಎನ್ನುವಂತಿಲ್ಲ. 1970ರ ದಶಕದಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಬಂತು. ನೂಲು ಕೊಟ್ಟು, ಬಟ್ಟೆ ಕೊಂಡು, ಮಜೂರಿ ಕೊಡುವ ವ್ಯವಸ್ಥೆ ಅದು. ಶಾಲಾ ಮಕ್ಕಳ ಸಮವಸ್ತ್ರದ ಬಟ್ಟೆ ಎಷ್ಟೋ ಮಗ್ಗಗಳನ್ನು ಜೀವಂತ ಇಟ್ಟಿತು. 1985ರಲ್ಲಿ ಕೇಂದ್ರ ಸರಕಾರ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗದಲ್ಲಿ ಮಾತ್ರ ನೇಯಬೇಕು ಎಂದು ಕಾನೂನು ಮಾಡಿತು. ಆದರೆ ಅಂಗಡಿಯಲ್ಲಿ ಸೀರೆ ಕೊಳ್ಳುವವರು ಕಾನೂನು ನೋಡುವುದಿಲ್ಲ, ಬೆಲೆ ನೋಡುತ್ತಾರೆ. ಅವರನ್ನೂ ತಪ್ಪೆನ್ನಲಾಗದು. ಅವರದೂ ನಮ್ಮಂಥದೇ ಜೇಬು.

ಹೀಗೆ ಮಗ್ಗದ ಜೊತೆ ಯಜಮಾನಿಕೆಯೂ ಬದಲಾಯಿತು. ಹಳೆಯ ಕುಣಿ ಮಗ್ಗ ಬಡವನಿಗೂ ಸ್ವಂತ ಆಗಬಹುದಿತ್ತು. ವಿದ್ಯುತ್ ಮಗ್ಗಕ್ಕೆ ಬಂಡವಾಳ ಬೇಕು, ಮೀಟರ್ ಬೇಕು, ಗಟ್ಟಿ ನೆಲದ ಶೆಡ್ ಬೇಕು. ಬಂಡವಾಳ ಇದ್ದವರು ನಾಲ್ಕು ಮಗ್ಗ ಹಾಕಿದರು, ಇಲ್ಲದವರು ಅವರಲ್ಲಿ ಕೂಲಿಗೆ ಹೋದರು. ಸಾಹುಕಾರ ನೂಲು ಕೊಡುತ್ತಾನೆ, ನೇಕಾರ ಸೀರೆ ಕೊಡುತ್ತಾನೆ, ನಡುವೆ ಮುಂಗಡದ ಲೆಕ್ಕ ವರ್ಷಗಟ್ಟಲೆ ಓಡುತ್ತದೆ. ಇದು ರಾಮದುರ್ಗದ ಕಥೆ ಮಾತ್ರವಲ್ಲ. ರಬಕವಿ, ಬನಹಟ್ಟಿ, ಗುಳೇದಗುಡ್ಡ, ಎಲ್ಲಿ ಕೇಳಿದರೂ ಹೆಚ್ಚುಕಡಿಮೆ ಇದೇ ಉತ್ತರ.

ದೊಡ್ಡ ವ್ಯಾಪಾರಕ್ಕೆ ಬೇಕಾದ ರೈಲು ಈ ಊರಿಗೆ ಬರಲಿಲ್ಲ. ಲೋಕಾಪುರದಿಂದ ರಾಮದುರ್ಗ, ಸವದತ್ತಿ ಮೇಲೆ ಧಾರವಾಡಕ್ಕೆ ರೈಲು ಬೇಕು ಎಂಬ ಬೇಡಿಕೆಯ ಮನವಿ ಪತ್ರಗಳನ್ನು ಬರೆದವರ ಮಕ್ಕಳು ಈಗ ಅದೇ ಮನವಿ ಬರೆಯುತ್ತಿದ್ದಾರೆ.

ಮೇಲೆ ಡ್ಯಾಂ, ಕೆಳಗೆ ಊರು

ನಮ್ಮ ಕಡೆ ಪ್ರವಾಹ ಬಂತು ಅನ್ನುವುದಿಲ್ಲ. ಹೊಳಿ ಬಂತು ಅಂತಾರೆ, ನೆಂಟರು ಬಂದ ಹಾಗೆ. ಹಿಂದೆ ಅದು ಹೇಳಿ ಬರುತ್ತಿತ್ತು. ಪಶ್ಚಿಮದ ಕಡೆ ಮಳೆ ಹಿಡಿದರೆ ನೀರಿನ ಬಣ್ಣ ಬದಲಾಗುತ್ತಿತ್ತು, ಕೆಂಪು ನೀರು ನೋಡಿ ದಂಡೆಯವರು ಸಾಮಾನು ಎತ್ತಿಡುತ್ತಿದ್ದರು.

1970ರ ದಶಕದ ಆರಂಭದ ಹೊತ್ತಿಗೆ ನವಿಲುತೀರ್ಥದಲ್ಲಿ ಡ್ಯಾಂ ಎದ್ದಿತು. ಜಲಾಶಯಕ್ಕೆ ಯಲ್ಲಮ್ಮನ ಹೆಸರೇ ಬಂತು, ರೇಣುಕಾಸಾಗರ. 37.73 ಟಿಎಂಸಿ ನೀರು ಹಿಡಿಯುವ ಜಲಾಶಯ, ತುಂಬಿದಾಗ ಮಟ್ಟ 2,079.50 ಅಡಿ. ಕಾಲುವೆಗಳು ನೀರು ಒಯ್ದವು, ಜೊತೆಗೆ ಕರ ಮತ್ತು ಜಗಳವನ್ನೂ ಒಯ್ದವು. ನೀರು ಸರಿಯಾಗಿ ಬಾರದಿದ್ದರೂ ಕರ ಕಟ್ಟಬೇಕೆಂದಾಗ 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಎದ್ದದ್ದು ರಾಜ್ಯದ ರಾಜಕೀಯವನ್ನೇ ಬದಲಿಸಿತು.

ಡ್ಯಾಂ ಕೆಳಗಿನ ಊರುಗಳಿಗೆ ಇನ್ನೊಂದು ಬದಲಾವಣೆ ಆಯಿತು. ಅದು ಸದ್ದಿಲ್ಲದ್ದು. ಹೊಳೆ ವರ್ಷದ ಬಹುಕಾಲ ಬತ್ತಿ ನಿಂತಿತು. ಬತ್ತಿದ ಪಾತ್ರದಲ್ಲಿ ಜಾಲಿ ಬೆಳೆಯಿತು, ದಂಡೆಯ ಹೊಲಗಳು ಒಳಗೆ ಸರಿದವು, ಹರಿವಿನ ಹಾದಿ ಕಿರಿದಾಯಿತು. ಜಲಾಶಯ ಹಲವು ವರ್ಷ ತುಂಬಲೇ ಇಲ್ಲ. ಹೊಳೆ ಎಷ್ಟು ಅಗಲ ಇತ್ತು ಎಂಬುದನ್ನು ಒಂದು ತಲೆಮಾರು ಮರೆತೇ ಬಿಟ್ಟಿತು.

2019ರ ಆಗಸ್ಟ್‌ನಲ್ಲಿ ಹೊಳೆಯೇ ಅದನ್ನು ನೆನಪಿಸಿತು. ಖಾನಾಪುರದ ಕಡೆ ಎಡೆಬಿಡದ ಮಳೆ, ಡ್ಯಾಂ ಭರ್ತಿ, ಗೇಟು ತೆರೆಯದೆ ಬೇರೆ ದಾರಿ ಇಲ್ಲ. ಮುನವಳ್ಳಿ, ರಾಮದುರ್ಗ, ಸುರೇಬಾನ ಭಾಗದ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತು. ನೇಕಾರರ ಮನೆಗಳಲ್ಲಿ ನೀರು ಹೊಸ್ತಿಲು ದಾಟಿದಾಗ ಮೊದಲು ತುಂಬುವುದು ಕುಣಿ.

ಟಿವಿಯಲ್ಲಿ ಬಿದ್ದ ಗೋಡೆ ಕಾಣಿಸಿತು. ಕಾಣದ ನಷ್ಟ ಬೇರೆ ಇತ್ತು. ಹೂಡಿದ ಹಾಸಿಗೆ ಒಮ್ಮೆ ಕೆಸರು ಹಿಡಿದರೆ ಅದರಲ್ಲಿ ಮತ್ತೆ ಸೀರೆ ಆಗುವುದಿಲ್ಲ, ಕತ್ತರಿಸಿ ಎಸೆಯಬೇಕು. ಆ ನೂಲು ಸಾಹುಕಾರನದು, ಸಾಲ ನೇಕಾರನದು. ಹಣಿಗೆಯ ಕಡ್ಡಿಗಳು ತುಕ್ಕು ಹಿಡಿಯುತ್ತವೆ, ಕಟ್ಟಿಗೆ ಉಬ್ಬಿ ಮಗ್ಗದ ಮೂಲೆ ಸೊಟ್ಟಗಾಗುತ್ತದೆ, ಮೋಟಾರು ಸುಡುತ್ತದೆ. ನೀರು ಇಳಿದ ಮೇಲೂ ಕುಣಿಯ ಮಣ್ಣು ಬೇಗ ಒಣಗುವುದಿಲ್ಲ. ಅಷ್ಟು ದಿನ ಮಜೂರಿ ಇಲ್ಲ.

ಹಾಳಾದ ಮಗ್ಗಕ್ಕೆ ಸರಕಾರ 25,000 ರೂಪಾಯಿ ಪರಿಹಾರ ಘೋಷಿಸಿತು. ಆದರೆ ಪರಿಹಾರಕ್ಕೆ ಕಾಗದ ಬೇಕು. ಮಗ್ಗ ಯಾರ ಹೆಸರಿನಲ್ಲಿದೆ? ಮನೆ ಯಾರದು, ಬಾಡಿಗೆಯದೋ? ಮಗ್ಗ ಒಬ್ಬನದು, ನೇಯುವವನು ಇನ್ನೊಬ್ಬ ಆದರೆ ಹಣ ಯಾರಿಗೆ? ಕಂಡಿಕೆ ಸುತ್ತುವ ಹೆಂಗಸಿನ ರಾಟಿ ನೀರಿಗೆ ಹೋದರೆ ಅದು ಯಾವ ಪಟ್ಟಿಯಲ್ಲಿ ಬರುತ್ತದೆ? ಮನೆಯೊಳಗೇ ಗಿರಣಿ ಇಟ್ಟುಕೊಂಡದ್ದು ಈ ಊರಿನ ಬಲವಾಗಿತ್ತು. ಲೆಕ್ಕ ಬರೆಯುವ ದಿನ ಅದೇ ತೊಡಕಾಯಿತು. ಗಿರಣಿಯಲ್ಲಿ ದುಡಿದವನಿಗೆ ಹಾಜರಿ ಪುಸ್ತಕ ಇರುತ್ತದೆ. ಮನೆಯಲ್ಲಿ ದುಡಿದವರಿಗೆ ಇರುವುದಿಲ್ಲ.

ಮರುವರ್ಷ ಲಾಕ್‌ಡೌನ್. ಮದುವೆ ಇಲ್ಲ, ಜಾತ್ರೆ ಇಲ್ಲ, ಸಂತೆ ಇಲ್ಲ, ಸೀರೆಗೆ ಗಿರಾಕಿ ಇಲ್ಲ. 2020ರಲ್ಲಿ ಶುರುವಾದ ನೇಕಾರ ಸಮ್ಮಾನ್ ಯೋಜನೆಯಲ್ಲಿ ಕೈಮಗ್ಗ ನೇಕಾರರಿಗೆ ವರ್ಷಕ್ಕೆ 2,000 ರೂಪಾಯಿ, ಆಮೇಲೆ 5,000 ಎಂದಾಯಿತು. 2023ರಲ್ಲಿ 10 ಅಶ್ವಶಕ್ತಿವರೆಗಿನ ವಿದ್ಯುತ್ ಮಗ್ಗಗಳಿಗೆ ತಿಂಗಳಿಗೆ 250 ಯೂನಿಟ್‌ವರೆಗೆ ಉಚಿತ ಕರೆಂಟು ಘೋಷಣೆಯಾಯಿತು. ಇವು ಆಸರೆ, ಸುಳ್ಳಲ್ಲ. ಆದರೆ ಸೀರೆಯ ಬೆಲೆಯಲ್ಲಿ ನೇಕಾರನ ಪಾಲೆಷ್ಟು ಎಂಬ ಪ್ರಶ್ನೆಗೆ ಇವು ಉತ್ತರ ಅಲ್ಲ.

ನೆಲ ನೋಡಿ

ಕೋಟೆ ಕಟ್ಟಿದವರ ಹೆಸರು ಗೊತ್ತಿದೆ. ಗಲ್ಲಿಗೇರಿದ ಬಾಬಾಸಾಹೇಬನ ತಾರೀಖು ಗೊತ್ತಿದೆ. ಡ್ಯಾಮಿನ ಅಡಿ, ಟಿಎಂಸಿ ಗೊತ್ತಿದೆ. ಆದರೆ ಈ ಊರಿನಲ್ಲಿ ಮೊದಲ ಕುಣಿ ತೋಡಿದವರು ಯಾರು, ಯಾವ ಓಣಿಯಲ್ಲಿ ಎಷ್ಟು ಮಗ್ಗ ಇದ್ದವು, ಯಾವ ವರ್ಷ ಯಾವ ಮನೆಯ ಮಗ್ಗ ನಿಂತಿತು ಎಂಬುದನ್ನು ಹೇಳಬಲ್ಲವರು ಈಗ ಎಪ್ಪತ್ತು ಎಂಬತ್ತರ ವಯಸ್ಸಿನವರು. ಅವರು ಓದು ಬರಹ ಕಡಿಮೆ ಇದ್ದರೂ ಎಳೆಯ ಲೆಕ್ಕ ಬಾಯಲ್ಲೇ ಮಾಡಿದವರು. ಅವರು ಹೋದ ಮೇಲೆ ಕೇಳಲು ಯಾರೂ ಇರುವುದಿಲ್ಲ.

ಮಗ್ಗ ಬಿಟ್ಟ ಮನೆಯಲ್ಲಿ ಮಗ ಇಚಲಕರಂಜಿಗೋ ಬೆಂಗಳೂರಿಗೋ ದುಡಿಯಲು ಹೋಗಿರುತ್ತಾನೆ. ದುಡ್ಡು ಕಳಿಸಿದಾಗ ಮೊದಲ ರಿಪೇರಿ ಪಡಸಾಲೆಯ ನೆಲ. ಕುಣಿಗೆ ಮಣ್ಣು ತುಂಬಿ, ಧಮ್ಮಸು ಹಾಕಿ, ಮೇಲೆ ಟೈಲ್ಸ್ ಕೂರಿಸುತ್ತಾರೆ. ಅದು ತಪ್ಪೇನಲ್ಲ. ಜಾಗ ಬೇಕು, ಮನೆ ಚೆಂದ ಕಾಣಬೇಕು, ಹೊಳೆ ಬಂದರೆ ತುಂಬುವ ತಗ್ಗು ಯಾರಿಗೆ ಬೇಕು?

ಆದರೆ ಮುಚ್ಚುವ ಮೊದಲು ಒಂದು ಕೆಲಸ ಮಾಡಬಹುದು. ನಿಮ್ಮ ಕೈಯಲ್ಲಿ ಫೋನ್ ಇದೆ. ಅಜ್ಜನನ್ನು ಆ ಕುಣಿಯ ಅಂಚಿಗೆ ಕೂರಿಸಿ ಒಂದು ಫೋಟೋ ತೆಗೆಯಿರಿ. ಈ ಮಗ್ಗದಲ್ಲಿ ಏನು ನೇಯುತ್ತಿದ್ದಿರಿ, ಯಾರಿಗೆ ಕೊಡುತ್ತಿದ್ದಿರಿ, ಮಜೂರಿ ಎಷ್ಟಿತ್ತು ಎಂದು ಕೇಳಿ, ರೆಕಾರ್ಡ್ ಮಾಡಿಕೊಳ್ಳಿ. ಅಜ್ಜಿಯನ್ನೂ ಕೇಳಿ, ದಿನಕ್ಕೆ ಎಷ್ಟು ಕಂಡಿಕೆ ಸುತ್ತುತ್ತಿದ್ದಿರಿ ಅಂತ. ಬಹುಶಃ ಅವರನ್ನು ಆ ಪ್ರಶ್ನೆ ಯಾರೂ ಇಲ್ಲಿಯವರೆಗೆ ಕೇಳಿರುವುದಿಲ್ಲ.

ಆಮೇಲೆ ಟೈಲ್ಸ್ ಹಾಕಿಸಿ.